ಎಳ್ಳಿಗಿಂತ ಚಿಕ್ಕ ಹೂವು

ಎಲ್ಲರಿಗೂ ಶರಣು ಶರಣಾರ್ಥಿ.

ಮೊದಲು ಒಂದು ತಟ್ಟೆ ಕಳಿಸುತ್ತಿದ್ದೇನೆ. ಮುಂದಿನ ಸಾಲಿನವರು ನೋಡಿ ಹಿಂದಕ್ಕೆ ದಾಟಿಸಿ. ಫ್ಯಾನಿನ ಕೆಳಗೆ ಕೂತವರು ಸ್ವಲ್ಪ ಕೈ ಅಡ್ಡ ಹಿಡಿಯಿರಿ, ಹಾರಿಹೋದೀತು. ತಿನ್ನುವುದಕ್ಕೆ ಅದರಲ್ಲಿ ಏನೂ ಇಲ್ಲ. ಒಂದು ತೊಗರಿ ಕಾಳು, ಒಂದು ಬಿಳಿಜೋಳದ ಕಾಳು, ಒಂದು ಎಳ್ಳು, ಒಂದು ಸಾಸಿವೆ. ಬೆಳಿಗ್ಗೆ ನಮ್ಮ ಮನೆಯವರ ಡಬ್ಬಿಗಳಿಂದ ಕದ್ದು ತಂದದ್ದು.

ಇವತ್ತು ನಾನು ಮಾತಾಡುವ ಗಿಡದ ಎಲೆ ಹೆಚ್ಚುಕಡಿಮೆ ಆ ಜೋಳದ ಕಾಳಿನಷ್ಟು. ಎತ್ತರ ತೊಗರಿ ಕಾಳಿನಷ್ಟು, ಅಂದರೆ ಸುಮಾರು 6 ಮಿಲಿಮೀಟರ್. ಹೂವಿನ ಅಗಲ ಎರಡೂವರೆ ಮಿಲಿಮೀಟರ್. ಎಳ್ಳಿಗಿಂತ ಚಿಕ್ಕದು, ಸಾಸಿವೆಗಿಂತ ಒಂಚೂರು ದೊಡ್ಡದು. ಅಷ್ಟರೊಳಗೆ ಒಂದು ಆರ್ಕಿಡ್ ಹೂವಿನಲ್ಲಿ ಇರಬೇಕಾದ ಎಲ್ಲವೂ ಇದೆ.

ಹೆಸರು ಪ್ಲಾಟಿಸ್ಟೀಲೆ ಯುಂಗರ್ಮಾನಿಯಾಯ್ಡೀಸ್. ಪೂರ್ತಿ ಹೆಸರನ್ನು ಒಂದು ಸಲ ಹೇಳಿಬಿಟ್ಟೆ, ಇನ್ನು ಬರೀ ಪ್ಲಾಟಿಸ್ಟೀಲೆ ಅನ್ನುತ್ತೇನೆ. ಕನ್ನಡದಲ್ಲಿ ಇದಕ್ಕೆ ಹೆಸರಿಲ್ಲ. ನಾನೇ ಒಂದು ಹುಟ್ಟಿಸಬಹುದಿತ್ತು. ಚಂದದ ಹೆಸರು ಹೊಳೆದಿತ್ತು ಕೂಡ. ಆದರೆ ಬೇಡ ಅನಿಸಿತು. ನಾವು ದಿನಾ ನೋಡುವ ಗಿಡಕ್ಕೆ ಜನ ತಾವಾಗಿಯೇ ಹೆಸರು ಇಡುತ್ತಾರೆ. ಕಣ್ಣಿಗೇ ಬೀಳದ ಗಿಡಕ್ಕೆ ಕುರ್ಚಿ ಮೇಲೆ ಕೂತು ಹೆಸರಿಟ್ಟರೆ ಅದು ಪುಸ್ತಕದಿಂದ ಆಚೆ ಬರುವುದಿಲ್ಲ.

ಈ ಗಿಡ ಇರುವುದು ಮಧ್ಯ ಅಮೆರಿಕದಲ್ಲಿ. ಮೆಕ್ಸಿಕೋದ ದಕ್ಷಿಣದಿಂದ ಪನಾಮಾವರೆಗಿನ ಕಾಡುಗಳಲ್ಲಿ. ಬಹಳ ದೂರ ಅನಿಸುತ್ತದೆ, ಅಲ್ವಾ? ಭೂಪಟ ತೆಗೆದು ಕಲಬುರಗಿಯಿಂದ ಪಶ್ಚಿಮಕ್ಕೆ ನೇರ ಗೆರೆ ಎಳೆಯಿರಿ. ಅರಬ್ಬೀ ಸಮುದ್ರ, ಅರಬ್ ನಾಡು, ಆಫ್ರಿಕಾ, ಅಟ್ಲಾಂಟಿಕ್ ದಾಟಿ ಆ ಗೆರೆ ಬೆಲೀಜ್ ಎಂಬ ಪುಟ್ಟ ದೇಶಕ್ಕೆ ಹೋಗಿ ಮುಟ್ಟುತ್ತದೆ. ಅದರ ರಾಜಧಾನಿ ಬೆಲ್ಮೊಪಾನ್ ಇರುವುದು ಹೆಚ್ಚುಕಡಿಮೆ ನಮ್ಮ ಅಕ್ಷಾಂಶದಲ್ಲೇ, 17 ಡಿಗ್ರಿ ಮೇಲೆ ಸ್ವಲ್ಪ. ಸೂರ್ಯನ ಲೆಕ್ಕದಲ್ಲಿ ನಾವೂ ಅವರೂ ಒಂದೇ ಓಣಿಯವರು. ಸಮುದ್ರಮಟ್ಟದಿಂದ ನಮ್ಮೂರಿನ ಎತ್ತರ ಸುಮಾರು 450 ಮೀಟರ್. ಆ ಎತ್ತರವೂ ಪ್ಲಾಟಿಸ್ಟೀಲೆಗೆ ಒಗ್ಗುವಂಥದ್ದೇ.

ಹಾಗಾದರೆ ತಕರಾರು ಎಲ್ಲಿ? ನೀರಿನಲ್ಲಿ. ನಮಗೆ ವರ್ಷಕ್ಕೆ ಬೀಳುವ ಮಳೆ ಸುಮಾರು 750 ಮಿಲಿಮೀಟರ್. ಅದೂ ಬಂದರೆ ಬಂತು. ಕೋಸ್ಟರಿಕಾದ ಕೆರಿಬಿಯನ್ ಕಡೆಯ ಇಳಿಜಾರಿನಲ್ಲಿ 3,000 ಮಿಲಿಮೀಟರ್ ದಾಟುವುದು ಮಾಮೂಲು. ಉಷ್ಣವಲಯ ಎಂದರೆ ನಮ್ಮ ಕಣ್ಣಿಗೆ ಬರುವುದು ಮೇ ತಿಂಗಳಲ್ಲಿ ಬಿರುಕು ಬಿಟ್ಟ ಎರೆಹೊಲ. ಅವರ ಕಣ್ಣಿಗೆ ಬರುವುದು ತೊಟ್ಟಿಕ್ಕುವ ಮರ.

ನಾನು ಇವತ್ತು ಹೇಳಬೇಕು ಅಂದುಕೊಂಡಿರುವುದು ಒಂದೇ ಮಾತು. ಗಿಡ ಚಿಕ್ಕದಾಗುವುದು ಎಂದರೆ ಫೋಟೋ ಸಣ್ಣದು ಮಾಡಿದ ಹಾಗೆ ಅಲ್ಲ. ಫೋಟೋದಲ್ಲಿ ಎಲ್ಲವೂ ಒಟ್ಟಿಗೆ ಕುಗ್ಗುತ್ತದೆ. ಗಿಡದಲ್ಲಿ ಕೆಲವು ಸಂಗತಿ ಕುಗ್ಗುವುದೇ ಇಲ್ಲ. ಹಾಗಾಗಿ ಅದು ಏನನ್ನೋ ಬಿಡಬೇಕಾಗುತ್ತದೆ, ಏನನ್ನೋ ಹಟ ಹಿಡಿದು ಉಳಿಸಿಕೊಳ್ಳಬೇಕಾಗುತ್ತದೆ. ಏನು ಬಿಟ್ಟಿತು, ಏನು ಬಿಡಲಿಲ್ಲ ಅನ್ನುವುದರಲ್ಲೇ ಆರ್ಕಿಡ್‌ನ ಗುಟ್ಟು ಇದೆ.

ಅದಕ್ಕೆ ಮೊದಲು ಹೆಸರಿನ ಕಥೆ ಹೇಳಿಬಿಡುತ್ತೇನೆ. ಹೆಸರಿಟ್ಟವರು ರುಡಾಲ್ಫ್ ಶ್ಲೆಕ್ಟರ್, ಜರ್ಮನಿಯವರು. ಒಂದು ಜೀವಮಾನದಲ್ಲಿ ಸಾವಿರಾರು ಆರ್ಕಿಡ್‌ಗಳಿಗೆ ಹೆಸರಿಟ್ಟ ಮನುಷ್ಯ. 1910ರಲ್ಲಿ ಅವರು ಪ್ಲಾಟಿಸ್ಟೀಲೆ ಎಂಬ ಹೊಸ ಕುಲವನ್ನೇ ಕಟ್ಟಿದರು. ಪ್ಲಾಟಿಸ್ ಎಂದರೆ ಗ್ರೀಕ್‌ನಲ್ಲಿ ಅಗಲ, ಸ್ಟೀಲೆ ಎಂದರೆ ಕಂಬ. ಯಾವ ಕಂಬ ಅನ್ನುವುದು ಆಮೇಲೆ ಬರುತ್ತದೆ. ಎರಡು ವರ್ಷ ಕಳೆದು, 1912ರಲ್ಲಿ, ಈ ಪುಟಾಣಿ ಗಿಡ ಅವರ ಮೇಜಿಗೆ ಬಂತು. ತಾವೇ ಕಟ್ಟಿದ ಮನೆಯಲ್ಲಿ ಇದನ್ನು ಇಡುವುದು ಬಿಟ್ಟು ಪ್ಲೂರೋಥಾಲಿಸ್ ಎಂಬ ಹಳೆಯ ದೊಡ್ಡ ಕುಲಕ್ಕೆ ಸೇರಿಸಿದರು. ಸರಿಯಾದ ಮನೆಗೆ ಬರಲು ಅದಕ್ಕೆ 62 ವರ್ಷ ಬೇಕಾಯಿತು. 1974ರಲ್ಲಿ ಲೆಸ್ಲಿ ಗಾರೆ ಎಂಬ ಆರ್ಕಿಡ್ ತಜ್ಞರು ಇದನ್ನು ಪ್ಲಾಟಿಸ್ಟೀಲೆಗೆ ತಂದರು. ಅಷ್ಟು ದೊಡ್ಡ ವಿದ್ವಾಂಸರ ಕೈಯಲ್ಲೂ ಹೀಗಾಗುತ್ತದೆ ಅಂದರೆ ನನ್ನ ಹಳೆಯ ವಿದ್ಯಾರ್ಥಿಗಳಿಗೆ ಇವತ್ತು ಸ್ವಲ್ಪ ಸಮಾಧಾನ ಆಗಬಹುದು.

ಶ್ಲೆಕ್ಟರ್ ತೀರಿಕೊಂಡದ್ದು 1925ರಲ್ಲಿ. ಅವರು ಒಣಗಿಸಿ ಇಟ್ಟಿದ್ದ ಆರ್ಕಿಡ್‌ಗಳು ಬರ್ಲಿನ್ನಿನ ಸಸ್ಯಸಂಗ್ರಹಾಲಯದಲ್ಲಿದ್ದವು. 1943ರ ಮಾರ್ಚ್‌ನಲ್ಲಿ ಬಾಂಬು ಬಿದ್ದು ಸುಟ್ಟುಹೋದವು. ಒಂದು ಜಾತಿಗೆ ಹೆಸರಿಡುವಾಗ ಯಾವ ಗಿಡವನ್ನು ಮುಂದೆ ಇಟ್ಟುಕೊಂಡಿರುತ್ತಾರೋ ಆ ಗಿಡವೇ ಆ ಹೆಸರಿಗೆ ಸಾಕ್ಷಿ. ನೂರಾರು ಹೆಸರುಗಳ ಸಾಕ್ಷಿ ಒಂದೇ ರಾತ್ರಿ ಬೂದಿಯಾಯಿತು. ಎಷ್ಟೋ ಗಿಡಗಳನ್ನು ಆಮೇಲೆ ಬರಹ ಮತ್ತು ಚಿತ್ರ ನೋಡಿಯೇ ಗುರುತಿಸಬೇಕಾಯಿತು.

ಇನ್ನು ಯುಂಗರ್ಮಾನಿಯಾಯ್ಡೀಸ್. ಯುಂಗರ್ಮಾನಿಯ ಎಂಬುದು ಒಂದು ಲಿವರ್‌ವರ್ಟ್. ಹಾವಸೆಯ ಜೊತೆಗಾರ, ಹೂ ಬಿಡದ ಸಸ್ಯ. ಮಳೆಗಾಲದಲ್ಲಿ ಹಳೆ ಬಾವಿಯ ಒಳಗೋಡೆಗೆ ಹಸಿರಾಗಿ ಅಂಟಿಕೊಂಡಿರುತ್ತವಲ್ಲ, ಆ ಪಂಗಡದ್ದು. ಆಯ್ಡೀಸ್ ಅಂದರೆ ಅದರ ಹಾಗೆ ಕಾಣುವಂಥದ್ದು. ಅಂದರೆ ಹೂವಿಲ್ಲದಾಗ ಈ ಆರ್ಕಿಡ್ ಹಾವಸೆಯೊಳಗೆ ಹಾವಸೆಯಂತೆ ಕೂತಿರುತ್ತದೆ. ಯಾರೂ ತಿರುಗಿ ನೋಡುವುದಿಲ್ಲ. ಹೂ ಬಿಟ್ಟಾಗಲೂ ನೋಡಲು ಲೆನ್ಸ್ ಬೇಕು.

ಈಗ ಗಿಡಕ್ಕೆ ಬರೋಣ. ನೀವು ನರ್ಸರಿಯಲ್ಲಿ ನೋಡುವ ಡೆಂಡ್ರೋಬಿಯಂಗೆ ಕಬ್ಬಿನ ಗಣಿಕೆಯಂಥ ದಪ್ಪ ಕಾಂಡ ಇರುತ್ತದೆ. ಬೇರೆ ಎಷ್ಟೋ ಆರ್ಕಿಡ್‌ಗಳಿಗೆ ಉಳ್ಳಾಗಡ್ಡಿಯಂಥ ಗಡ್ಡೆ ಇರುತ್ತದೆ, ನೆಲದ ಮೇಲೇ. ಅದು ನೀರಿನ ತೊಟ್ಟಿ. ಪ್ಲಾಟಿಸ್ಟೀಲೆ ಬಿಟ್ಟ ಮೊದಲ ವಸ್ತು ಈ ತೊಟ್ಟಿ. ಅದರ ಇಡೀ ಬಳಗಕ್ಕೇ ತೊಟ್ಟಿ ಇಲ್ಲ. 5,000ಕ್ಕೂ ಹೆಚ್ಚು ಜಾತಿಗಳ ಬಳಗ ಅದು. ಎಲ್ಲವೂ ಅಮೆರಿಕ ಖಂಡದ ಬಿಸಿನಾಡುಗಳವು. ನೂಲಿನಷ್ಟು ತೆಳ್ಳಗಿನ ಬೇರುಕಾಂಡ ತೊಗಟೆಯ ಮೇಲೆ ಹರಿಯುತ್ತದೆ. ಅದರಿಂದ ಅಲ್ಲಲ್ಲಿ ಒಂದು ಪುಟ್ಟ ಕಾಂಡ ಏಳುತ್ತದೆ. ಒಂದು ಕಾಂಡಕ್ಕೆ ಒಂದೇ ಎಲೆ. ಎರಡನೆಯದು ಬೇಕಾದರೆ ಇನ್ನೊಂದು ಕಾಂಡ ಎಬ್ಬಿಸಬೇಕು. ಎಲೆ ತನ್ನ ಗಾತ್ರಕ್ಕೆ ದಪ್ಪ. ತೊಟ್ಟಿ ಇಲ್ಲದ ಮನೆಯಲ್ಲಿ ಕೊಡಪಾನ ತುಂಬಿಟ್ಟಂತೆ ನೀರು ಇರುವುದು ಅಲ್ಲೇ.

ಹೂವಿನಲ್ಲಿ ಮಾತ್ರ ಅದು ಏನನ್ನೂ ಬಿಟ್ಟಿಲ್ಲ. ಹೊರಗೆ ಮೂರು ಪುಷ್ಪಪತ್ರ. ಒಳಗೆ ಮೂರು ದಳ. ಮೂರು ದಳಗಳಲ್ಲಿ ಒಂದು ಬೇರೆಯೇ ಆಕಾರ ತಳೆದಿದೆ. ಅದಕ್ಕೆ ತುಟಿ ಎನ್ನುತ್ತೇವೆ. ಕೀಟ ಬಂದು ಇಳಿಯುವ ಕಟ್ಟೆ ಅದು. ಕಟ್ಟೆ ಅಂದೆ, ಆದರೆ ಒಂದು ಮಿಲಿಮೀಟರ್ ಕೂಡ ಇಲ್ಲದ ಕಟ್ಟೆ! ಹೆಚ್ಚಿನ ಆರ್ಕಿಡ್‌ಗಳಲ್ಲಿ ಮೊಗ್ಗು ಅರಳುವ ಮುಂಚೆ ತೊಟ್ಟು ಅರ್ಧ ಸುತ್ತು ತಿರುಗುತ್ತದೆ. ಮೇಲಿರಬೇಕಾದ ತುಟಿ ಹಾಗೆ ಕೆಳಕ್ಕೆ ಬರುತ್ತದೆ. ನಾನು ಪಾಠ ಮಾಡುವಾಗ ಹುಡುಗರಿಗೆ ಇದನ್ನು ಹೇಳಿದರೆ ನಂಬುತ್ತಿರಲಿಲ್ಲ. ಮೊಗ್ಗಿಗೆ ದಾರ ಕಟ್ಟಿ ತೋರಿಸಬೇಕಾಗುತ್ತಿತ್ತು.

ಈಗ ಆ ಕಂಬ. ದಾಸವಾಳವನ್ನು ನೆನಪು ಮಾಡಿಕೊಳ್ಳಿ. ನಡುವೆ ಉದ್ದ ಕೋಲು, ಅದರ ಸುತ್ತ ಹಳದಿ ಪುಡಿ, ತುದಿಯಲ್ಲಿ ಕೆಂಪು ಚುಕ್ಕೆಗಳು. ಗಂಡು ಭಾಗ, ಹೆಣ್ಣು ಭಾಗ ಬೇರೆ ಬೇರೆ ಅಂತ ಕಣ್ಣಿಗೆ ತಿಳಿಯುತ್ತದೆ. ಆರ್ಕಿಡ್‌ನಲ್ಲಿ ಎರಡೂ ಬೆಸೆದುಕೊಂಡು ಒಂದೇ ಕಂಬ ಆಗಿವೆ. ತುದಿಯಲ್ಲಿ ಪರಾಗ, ಅದರ ಮಗ್ಗುಲಲ್ಲೇ ಅಂಟಂಟಾದ ಒಂದು ಗುಳಿ. ಪರಾಗವೂ ಪುಡಿಯಾಗಿ ಉದುರುವುದಿಲ್ಲ. ಮೇಣದಂಥ ಉಂಡೆಗಳಾಗಿರುತ್ತದೆ. ಪ್ಲಾಟಿಸ್ಟೀಲೆಯಲ್ಲಿ ಅಂಥ ಉಂಡೆ ಎರಡು. ಅದರ ಕಂಬ ಗಿಡ್ಡ, ಅಗಲ. ಕುಲದ ಹೆಸರು ಅಲ್ಲಿಂದ ಬಂತು.

ಇದರ ಅರ್ಥ ಏನು ಗೊತ್ತಾ? ಬೇರೆ ಹೂವು ಪುಡಿಯನ್ನು ಹತ್ತು ಕೀಟಗಳ ಮೈಗೆ ಹಚ್ಚಿ, ಯಾವುದಾದರೂ ಒಂದು ಮುಟ್ಟೀತು ಅಂತ ಕೂರುತ್ತದೆ. ಇದು ಇಡೀ ಆಸ್ತಿಯನ್ನು ಎರಡು ಗಂಟು ಕಟ್ಟಿ ಒಂದೇ ಕೀಟದ ಬೆನ್ನಿಗೆ ಹೇರುತ್ತದೆ. ಆ ಕೀಟ ಸರಿಯಾದ ಇನ್ನೊಂದು ಹೂವಿಗೆ ಹೋದರೆ ಒಂದೇ ಸಲಕ್ಕೆ ಒಂದು ಕಾಯಿ ತುಂಬ ಬೀಜ. ಹೋಗದಿದ್ದರೆ ಪೂರಾ ಲುಕ್ಸಾನು.

ಇನ್ನೊಂದು ಸಣ್ಣ ಗುರುತು ಇದೆ, ನನಗೆ ಬಹಳ ಇಷ್ಟದ್ದು. ಈ ಬಳಗದ ಹೂಗಳಲ್ಲಿ ತೊಟ್ಟು ಮತ್ತು ಅಂಡಾಶಯದ ನಡುವೆ ಒಂದು ಕೀಲು ಇರುತ್ತದೆ. ಫಲ ಕಟ್ಟದ ಹೂವು ಆ ಕೀಲಿನಲ್ಲಿ ಕಳಚಿ ಬೀಳುತ್ತದೆ. ತೊಟ್ಟು ಮಾತ್ರ ಗೊಂಚಲಿನಲ್ಲೇ ಉಳಿಯುತ್ತದೆ. ಒಣಗಿದ ಗೊಂಚಲಿನಲ್ಲಿ ಉಳಿದ ತೊಟ್ಟು ಎಣಿಸಿದರೆ ಆ ಗಿಡ ಎಷ್ಟು ಸಲ ಕಾದು ಸೋತಿತು ಅನ್ನುವ ಲೆಕ್ಕ ಸಿಗುತ್ತದೆ.

ಯಾವುದು ಕುಗ್ಗುವುದಿಲ್ಲ ಅಂತ ಆಗಲೇ ಅಂದೆನಲ್ಲ, ಅದಕ್ಕೆ ಬರುತ್ತೇನೆ. ಜೀವಕೋಶ ಕುಗ್ಗುವುದಿಲ್ಲ. ಮನೆ ದೊಡ್ಡದಿರಲಿ ಚಿಕ್ಕದಿರಲಿ ಇಟ್ಟಿಗೆಯ ಅಳತೆ ಒಂದೇ. ಮನೆ ಚಿಕ್ಕದಾದರೆ ಇಟ್ಟಿಗೆ ಕಡಿಮೆ ಬೇಕಾಗುತ್ತದೆ, ಅಷ್ಟೆ. ಹೂವು ಚಿಕ್ಕದಾಗುತ್ತಾ ಹೋದರೆ ಎಲ್ಲಿಗೆ ಬಂದು ನಿಲ್ಲಬೇಕು? ಒಂದೇ ಇಟ್ಟಿಗೆ ದಪ್ಪದ ಗೋಡೆಗೆ. ಅಂಥ ಹೂವು ಸಿಕ್ಕಿತು ಕೂಡ. 2009ರಲ್ಲಿ, ಈಕ್ವೆಡಾರ್ ದೇಶದ ಒಂದು ಬೆಟ್ಟದ ಕಾಡಿನಿಂದ ಲೌ ಜೋಸ್ಟ್ ಎಂಬ ಸಸ್ಯವಿಜ್ಞಾನಿ ಬೇರೊಂದು ಆರ್ಕಿಡ್ ತಂದು ಬೆಳೆಸುತ್ತಿದ್ದರು. ಅದರ ಬೇರಿನ ನಡುವೆ ಏನೋ ಒಂದು ಪುಟ್ಟದು ಬೆಳೆದಿತ್ತು. ನೋಡಿದರೆ ಅದೂ ಪ್ಲಾಟಿಸ್ಟೀಲೆ ಕುಲದ ಆರ್ಕಿಡ್. ಹೂವಿನ ಅಗಲ 2.1 ಮಿಲಿಮೀಟರ್. ದಳದ ದಪ್ಪ ಒಂದೇ ಒಂದು ಜೀವಕೋಶ. ಆಚೆಯದು ಈಚೆ ಕಾಣುವಷ್ಟು ಪಾರದರ್ಶಕ. ಅದಕ್ಕಿಂತ ತೆಳ್ಳಗೆ ದಳ ಮಾಡುವುದು ಯಾವ ಗಿಡಕ್ಕೂ ಆಗದ ಮಾತು.

ಆಗ ಪತ್ರಿಕೆಗಳು ಜಗತ್ತಿನ ಅತಿ ಚಿಕ್ಕ ಆರ್ಕಿಡ್ ಸಿಕ್ಕಿತು ಅಂತ ಬರೆದವು. ಈ ದಾಖಲೆಯ ಗುದ್ದಾಟ ನನಗೆ ಅಷ್ಟು ರುಚಿಸುವುದಿಲ್ಲ. ಹೂವು ಚಿಕ್ಕದೋ, ಗಿಡ ಚಿಕ್ಕದೋ, ಎಲೆ ಚಿಕ್ಕದೋ ಅನ್ನುವುದರ ಮೇಲೆ ಗೆದ್ದವರು ಬದಲಾಗುತ್ತಾರೆ. ಆಸ್ಟ್ರೇಲಿಯಾದಲ್ಲಿ ಬಲ್ಬೊಫಿಲಂ ಮೈನ್ಯೂಟಿಸಿಮಂ ಇದೆ. ಬ್ರೆಜಿಲ್‌ನ ಸಾಂಟಾ ಕಟರೀನಾ ದ್ವೀಪದಿಂದ 2015ರಲ್ಲಿ ಹೆಸರು ಪಡೆದ ಒಂದು ಎಲೆಯಿಲ್ಲದ ಆರ್ಕಿಡ್‌ನ ಹೂವು ಅರ್ಧ ಮಿಲಿಮೀಟರ್ ಆಸುಪಾಸು. ತಟ್ಟೆಯಲ್ಲಿ ಅದಕ್ಕೆ ಹೋಲಿಸಲು ನನ್ನ ಹತ್ತಿರ ಕಾಳಿಲ್ಲ.

ಒಣಗುವ ವಿಚಾರಕ್ಕೆ ಬರೋಣ. ಮಾಳಿಗೆ ಮೇಲೆ ಸಂಡಿಗೆ ಇಟ್ಟವರಿಗೆಲ್ಲ ಇದು ಗೊತ್ತು. ಸಣ್ಣ ಸಂಡಿಗೆ ಮಧ್ಯಾಹ್ನಕ್ಕೇ ಒಣಗಿ ಕಟಕಟ ಅನ್ನುತ್ತದೆ. ದಪ್ಪನೆಯದಕ್ಕೆ ಮರುದಿನದ ಬಿಸಿಲೂ ಬೇಕು. ಮೈ ಚಿಕ್ಕದಾದಷ್ಟೂ ಒಳಗಿನ ನೀರಿಗೆ ಹೋಲಿಸಿದರೆ ಹೊರಗಿನ ಚರ್ಮ ಜಾಸ್ತಿ. ನೀರು ಹೋಗುವುದು ಚರ್ಮದ ಮೂಲಕ ತಾನೇ? ಹಾಗಾಗಿ 6 ಮಿಲಿಮೀಟರ್ ಗಿಡ ಸದಾ ಅಪಾಯದ ಅಂಚಿನಲ್ಲಿರುತ್ತದೆ. ಎರಡು ದಿನ ಒಣಗಾಳಿ ಬೀಸಿದರೆ ಮುಗಿಯಿತು.

ಆದರೆ ಚಿಕ್ಕದಾಗಿರುವುದರಲ್ಲಿ ಒಂದು ಅನುಕೂಲವೂ ಇದೆ. ಯಾವ ಮೇಲ್ಮೈಯಾದರೂ ಸರಿ, ಅದಕ್ಕೆ ಅಂಟಿದಂತೆ ಕೆಲವು ಮಿಲಿಮೀಟರ್ ದಪ್ಪದ ಗಾಳಿ ಹೆಚ್ಚುಕಡಿಮೆ ನಿಂತೇ ಇರುತ್ತದೆ. ಹೊಲದಲ್ಲಿ ಬಿರುಗಾಳಿ ಎದ್ದಾಗ ನಾವು ಬದುವಿನ ಮಗ್ಗುಲಿಗೆ ಕೂರುವುದಿಲ್ಲವೇ? ಹಾಗೆ ಈ ಗಿಡ ಆ ನಿಂತ ಗಾಳಿಯೊಳಗೆ ಕೂತಿದೆ. ಕೆಳಗೆ ಒದ್ದೆ ಹಾವಸೆ, ಸುತ್ತ ಅದರ ತೇವ. ಒಂದು ಅಡಿ ಎತ್ತರದ ಗಿಡ ತಲೆ ಎತ್ತಿದರೆ ಬೇರೆಯೇ ಹವೆ, ಇದು ತಲೆ ತಗ್ಗಿಸಿದರೆ ಬೇರೆಯೇ ಹವೆ. ಒಂದೇ ಕೊಂಬೆಯ ಮೇಲೆ ಎರಡು ಊರು.

ಬೇರಿಗೂ ಒಂದು ವ್ಯವಸ್ಥೆ ಇದೆ. ಮರದ ಮೇಲೆ ಬೆಳೆಯುವ ಆರ್ಕಿಡ್‌ಗಳ ಬೇರಿನ ಹೊರಗೆ ವೆಲಾಮೆನ್ ಎಂಬ ಪದರ ಇರುತ್ತದೆ. ಅದರ ಜೀವಕೋಶಗಳು ಬೆಳೆದು ಸತ್ತು ಬರಿದಾದವು. ಒಣಗಿದಾಗ ಬೆಳ್ಳಗೆ ಕಾಣುತ್ತವೆ. ಮಳೆ ಹನಿ ಬಿದ್ದ ಕ್ಷಣ ಸ್ಪಂಜಿನಂತೆ ಹೀರಿ ಒಳಗಿನ ಹಸಿರು ಕಾಣಿಸುತ್ತವೆ. ನಮ್ಮೂರ ಆರ್ಕಿಡ್‌ನಲ್ಲೂ ಇದನ್ನು ನೋಡಬಹುದು.

ಹೌದು, ನಮ್ಮ ಒಣನಾಡಿನಲ್ಲೂ ಆರ್ಕಿಡ್ ಇದೆ. ಕೆಲವರು ತಲೆ ಅಲ್ಲಾಡಿಸುತ್ತಿದ್ದೀರಿ. ಹತ್ತು ವರ್ಷದ ಹಿಂದೆ ಒಂದು ಹಳ್ಳಿಯಲ್ಲಿ ಬೇವಿನ ಮರದ ಕವಲಿನಲ್ಲಿ ಇದನ್ನು ಹುಡುಗರಿಗೆ ತೋರಿಸುತ್ತಿದ್ದೆ. ಒಬ್ಬ ಅಜ್ಜಿ ಬಂದು, "ಏನ್ ನೋಡ್ತೀರಿ ಸರ, ಅದು ಬಂದಳಿಕಿ. ಗಿಡಕ್ಕ ಹತ್ತಿದ ರೋಗ. ಕೀಳಸ್ರಿ" ಅಂದಳು. ನಾನು, "ಇಲ್ಲವ್ವಾ, ಬಂದಳಿಕೆ ಮರದೊಳಗೆ ಬೇರು ಇಳಿಸಿ ಅದರ ಸಾರ ಕುಡಿಯುತ್ತದೆ. ಇದು ಸುಮ್ನೆ ಕೊಂಬೆ ಮೇಲೆ ಕೂತಿದೆ. ಊಟ ತನ್ನದೇ, ಜಾಗ ಮಾತ್ರ ಮರದ್ದು" ಅಂದೆ. ಅಜ್ಜಿ ಸ್ವಲ್ಪ ಯೋಚಿಸಿ, "ಹಂಗಾರ ಬಾಡಿಗಿ ಕೊಡಲಾರದ ಬಾಡಿಗಿದಾರ ಅನ್ರಿ" ಅಂದಳು. ಮೂವತ್ತು ವರ್ಷ ಪಾಠ ಮಾಡಿದರೂ ನನಗೆ ಇಷ್ಟು ಚುಟುಕಾಗಿ ಹೇಳಲು ಬಂದಿರಲಿಲ್ಲ.

ಆ ಗಿಡ ವ್ಯಾಂಡ ಟೆಸಲೇಟ. ವ್ಯಾಂಡ ಎಂಬ ಕುಲದ ಹೆಸರು ಬಂದದ್ದು ಸಂಸ್ಕೃತದ ವಂದಾ ಪದದಿಂದ. ಮರದ ಮೇಲೆ ಬೆಳೆಯುವ ಗಿಡಗಳನ್ನು ಹಾಗೆ ಕರೆಯುತ್ತಿದ್ದರು. ಲ್ಯಾಟಿನ್ ಹೆಸರುಗಳ ದೊಡ್ಡ ಪಟ್ಟಿಯಲ್ಲಿ ನಮ್ಮ ಕಡೆಯ ಒಂದು ಪದ ಕೂತಿದೆ. ಟೆಸಲೇಟ ಎಂದರೆ ಚೌಕ ಚೌಕ ಕಲ್ಲು ಹಾಸಿದ ನೆಲದಂಥದ್ದು. ಹೂವಿನ ಮೇಲೆ ಕಂದು ಬಣ್ಣದ ಚೌಕಳಿ ಗೆರೆ ಇರುತ್ತದೆ. ಶಾಬಾದಿ ಕಲ್ಲಿನ ನೆಲದ ಮೇಲೆ ಬೆಳೆದ ನಮಗೆ ಆ ಹೆಸರನ್ನು ಬಿಡಿಸಿ ಹೇಳಬೇಕಿಲ್ಲ.

ವ್ಯಾಂಡ ನಮ್ಮ ಬಿಸಿಲನ್ನು ತಡೆಯುವುದು ಹೇಗೆ? ಬೆರಳು ದಪ್ಪದ ಬೇರು, ಚರ್ಮದಂಥ ಎಲೆ. ಅದಕ್ಕಿಂತ ಜಾಣತನದ್ದು ಇನ್ನೊಂದು. ಎಲೆಯ ರಂಧ್ರಗಳನ್ನು ಹಗಲು ಮುಚ್ಚಿ ರಾತ್ರಿ ತೆರೆಯುತ್ತದೆ. ತಂಪಿನಲ್ಲಿ ಇಂಗಾಲದ ಡೈಆಕ್ಸೈಡ್ ತಂದು ಹುಳಿಯ ರೂಪದಲ್ಲಿ ಕೂಡಿಟ್ಟುಕೊಳ್ಳುತ್ತದೆ. ಬೆಳಗಾದ ಮೇಲೆ ಬಾಗಿಲು ಹಾಕಿಕೊಂಡು, ಬಿಸಿಲು ಬಳಸಿ ಅದರಿಂದ ಸಕ್ಕರೆ ಮಾಡುತ್ತದೆ. ಮೇ ತಿಂಗಳಲ್ಲಿ ನಾವೂ ಹಾಗೇ ತಾನೇ? ಸಂತೆ ಕೆಲಸ ಬೆಳಿಗ್ಗೆ ಇಲ್ಲ ಸಂಜೆ, ಮಧ್ಯಾಹ್ನ ಬಾಗಿಲು ಬಂದ್.

ಬೀಜದ ವಿಚಾರ ಸ್ವಲ್ಪ ನಿಧಾನವಾಗಿ ಹೇಳಬೇಕು. ಜೋಳದ ಕಾಳು ಕಚ್ಚಿದರೆ ಹಿಟ್ಟು ಸಿಗುತ್ತದೆ. ಆ ಹಿಟ್ಟು ನಮಗಾಗಿ ಇಟ್ಟದ್ದಲ್ಲ, ಮೊಳಕೆಗೆ ತಾಯಿ ಕಟ್ಟಿಕೊಟ್ಟ ಬುತ್ತಿ. ಬೇರು ನೆಲ ಹಿಡಿದು ಎಲೆ ಬಿಸಿಲು ಕಾಣುವವರೆಗೆ ಮಗು ಅದನ್ನೇ ಉಣ್ಣುತ್ತದೆ. ಆರ್ಕಿಡ್ ಬೀಜಕ್ಕೆ ಬುತ್ತಿ ಇಲ್ಲ. ಧೂಳಿನಷ್ಟು ಸಣ್ಣ ಬೀಜ, ತೆಳ್ಳನೆಯ ಚೀಲದೊಳಗೆ ಕೆಲವೇ ಜೀವಕೋಶ. ಒಂದೊಂದು ಕಾಯಿಯಲ್ಲಿ ಸಾವಿರಾರು. ಕೆಲವು ದೊಡ್ಡ ಜಾತಿಗಳಲ್ಲಿ ಹತ್ತು ಲಕ್ಷವನ್ನೂ ದಾಟುತ್ತವೆ. ಗಾಳಿಗೆ ತೇಲಿ ಎಲ್ಲೋ ಹೋಗಿ ಬೀಳುತ್ತವೆ. ಬಿದ್ದಲ್ಲಿ ಉಣ್ಣುವುದೇನು?

ಇದಕ್ಕೆ ಉತ್ತರ ಸಿಕ್ಕಿದ್ದು 1899ರಲ್ಲಿ. ಫ್ರಾನ್ಸಿನ ನೊಯೆಲ್ ಬರ್ನಾರ್ಡ್, ಆಗ 25ರ ಹುಡುಗ. ಸೈನ್ಯದ ಕಡ್ಡಾಯ ಸೇವೆಯಲ್ಲಿದ್ದಾಗ ಫಾಂಟೆನ್‌ಬ್ಲೋ ಕಾಡಿನಲ್ಲಿ ತರಗೆಲೆಯ ಕೆಳಗೆ ಹೂತುಹೋಗಿದ್ದ ಒಂದು ಆರ್ಕಿಡ್ ಗೊಂಚಲು ಅವರಿಗೆ ಕಂಡಿತು. ಕಾಯಿಯೊಳಗೇ ಬೀಜಗಳು ಮೊಳೆತಿದ್ದವು. ತಂದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಪ್ರತಿ ಮೊಳಕೆಯ ಒಳಗೂ ಶಿಲೀಂಧ್ರದ ಎಳೆ. ಅಂದರೆ ಬೂಷ್ಟು. ಬೂಷ್ಟು ಹೊಕ್ಕದ್ದರಿಂದಲೇ ಬೀಜ ಮೊಳೆತಿದೆ ಅಂತ ಅವರು ಕಂಡುಕೊಂಡರು. ಆ ಎಳೆಗಳು ಹೊರಗಿನ ಕೊಳೆತ ಎಲೆ, ತೊಗಟೆಯಿಂದ ಆಹಾರ ತರುತ್ತವೆ. ಒಳಗೆ ನೂಲಿನುಂಡೆಯಂತೆ ಸುತ್ತಿಕೊಳ್ಳುತ್ತವೆ. ಮೊಳಕೆ ಆ ಉಂಡೆಯನ್ನೇ ಕರಗಿಸಿ ತಿನ್ನುತ್ತದೆ. ಹೊತ್ತು ತಂದ ಬುತ್ತಿಯನ್ನೂ ಉಂಡು, ಹೊತ್ತವನ ಕೈಯನ್ನೂ ಉಂಡ ಹಾಗೆ. ನಾವು ಪಠ್ಯದಲ್ಲಿ ಇದನ್ನು ಸ್ನೇಹ, ಸಹಜೀವನ ಅಂತೆಲ್ಲ ಬರೆಯುತ್ತೇವೆ. ನನಗಂತೂ ಅದು ಅಷ್ಟು ನ್ಯಾಯದ ವ್ಯವಹಾರ ಅನಿಸುವುದಿಲ್ಲ.

ಬರ್ನಾರ್ಡ್ 36ನೇ ವಯಸ್ಸಿಗೇ ತೀರಿಕೊಂಡರು. 1922ರಲ್ಲಿ ಅಮೆರಿಕದ ಲೂಯಿಸ್ ನಡ್ಸನ್ ಬೂಷ್ಟಿಲ್ಲದೆಯೂ ಬೀಜ ಮೊಳೆಸಿ ತೋರಿಸಿದರು. ಗಾಜಿನ ಸೀಸೆಯಲ್ಲಿ ಅಗಾರ್ ಮತ್ತು ಸಕ್ಕರೆ, ಅಂದರೆ ಬುತ್ತಿಯನ್ನು ನಾವೇ ಕಟ್ಟಿಕೊಡುವುದು. ಇವತ್ತು ಮದುವೆ ಮಂಟಪದಲ್ಲಿ ನೀವು ನೋಡುವ ಬಣ್ಣಬಣ್ಣದ ಆರ್ಕಿಡ್‌ಗಳ ವ್ಯಾಪಾರ ಬೆಳೆದದ್ದು ಆ ಸಕ್ಕರೆ ಸೀಸೆಯಿಂದ.

ಇನ್ನು ಎಳ್ಳಿಗಿಂತ ಚಿಕ್ಕ ಹೂವಿಗೆ ಬರುವ ಅತಿಥಿ ಯಾರು? ಜೇನುನೊಣ ಕೂತರೆ ಗಿಡವೇ ಕೆಳಗೆ ಸಿಕ್ಕಿಕೊಳ್ಳುತ್ತದೆ. ಈ ಬಳಗದ ಹೂಗಳಿಗೆ ಹೆಚ್ಚಾಗಿ ಬರುವವು ನೊರಜು, ಸಣ್ಣ ನೊಣಗಳು. ನಾವು ಕೈಬೀಸಿ ಓಡಿಸುವಂಥವು. ಪ್ಲಾಟಿಸ್ಟೀಲೆಯ ನೆಂಟರಲ್ಲಿ ಲೆಪಾಂಥೆಸ್ ಎಂಬ ಕುಲವಿದೆ. ಅವೂ ಪುಟಾಣಿಗಳೇ. ಅದರ ಒಂದು ಜಾತಿಯ ಮೇಲೆ ಕೋಸ್ಟರಿಕಾದ ಇಬ್ಬರು ಸಂಶೋಧಕರು 2005ರಲ್ಲಿ ಬರೆದದ್ದು ಓದಿ ನಾನು ಬೆರಗಾದೆ. ಅಲ್ಲಿ ಬರುವುದು ಒಂದು ಜಾತಿಯ ಗಂಡು ನೊರಜು ಮಾತ್ರ. ಮಕರಂದಕ್ಕೆ ಬರುವುದಲ್ಲ, ಹೂವನ್ನು ಹೆಣ್ಣು ನೊರಜು ಅಂದುಕೊಂಡು ಬರುತ್ತದೆ. ತುಟಿಯ ತುದಿಯಲ್ಲಿ ಒಂದು ಸಣ್ಣ ಅಂಗ ಇದೆ, ಅದನ್ನು ಹಿಡಿದುಕೊಳ್ಳುತ್ತದೆ. ಮೋಸ ಹೋದದ್ದು ತಿಳಿಯುವ ಹೊತ್ತಿಗೆ ಪರಾಗದ ಉಂಡೆ ಮೈಗೆ ಅಂಟಿರುತ್ತದೆ. ಮತ್ತೆ ಇನ್ನೊಂದು ಹೂವಿನಲ್ಲಿ ಅದೇ ಮೋಸಕ್ಕೆ ಬೀಳುತ್ತದೆ. ಬೀಳದಿದ್ದರೆ ಆರ್ಕಿಡ್ ಕಥೆ ಮುಗಿದಂತೆ.

ಇನ್ನೊಂದು ನೆಂಟ ಟ್ರೈಕೋಸಾಲ್ಪಿಂಕ್ಸ್. ಅದಕ್ಕೆ ಬರುವುದು ಫೋರ್ಸಿಪೋಮಿಯ ಎಂಬ ನೊರಜುಗಳ ಹೆಣ್ಣುಗಳು. ಅದೇ ಕುಲದ ನೊರಜುಗಳೇ ಕೋಕೋ ಹೂವಿನ ಪರಾಗವನ್ನೂ ಸಾಗಿಸುವುದು. ಅವು ಇಲ್ಲದಿದ್ದರೆ ಮಕ್ಕಳಿಗೆ ಚಾಕೊಲೇಟ್ ಇಲ್ಲ. ಇದನ್ನು ಹೇಳಿದ ಮೇಲೆ ಹಿಂದಿನ ಸಾಲಿನ ಹುಡುಗರು ಮೊಬೈಲ್ ಕೆಳಗಿಟ್ಟರು, ನೋಡಿದೆ!

ಹೀಗೆ, ಕೀಟದ ಮೈ ಎಷ್ಟೋ ಹೂವಿನ ಕಂಬ ಅಷ್ಟೇ ದೂರದಲ್ಲಿರಬೇಕು. ಉಂಡೆ ಬೆನ್ನಿಗೇ ತಾಗಬೇಕು. ಹಾಗಾಗಿ ಈ ಗಿಡ ಕಾಂಡದ ಎರಡನೆಯ ಎಲೆಯನ್ನು ಬಿಟ್ಟಿತು, ತೊಟ್ಟಿಯನ್ನು ಬಿಟ್ಟಿತು, ಬೀಜದ ಬುತ್ತಿಯನ್ನೂ ಬಿಟ್ಟಿತು. ತುಟಿ, ಕಂಬ, ಉಂಡೆ ಬಿಡಲಿಲ್ಲ. ಬಿಟ್ಟಿದ್ದರೆ ಅದು ಆರ್ಕಿಡ್ ಆಗಿ ಉಳಿಯುತ್ತಿರಲಿಲ್ಲ.

ಇಂಥ ಪುಟಾಣಿಗಳನ್ನು ನೋಡಲು ಕೋಸ್ಟರಿಕಾಕ್ಕೆ ಹೋಗಬೇಕಿಲ್ಲ. ನಮ್ಮದೇ ರಾಜ್ಯದ ಪಶ್ಚಿಮ ಘಟ್ಟದಲ್ಲಿ ಒಬೆರೋನಿಯ ಇದೆ. ಎಲೆಗಳು ಬೀಸಣಿಗೆಯಂತೆ ಚಪ್ಪಟೆಯಾಗಿ ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಒಂದೆರಡು ಮಿಲಿಮೀಟರ್ ಹೂಗಳು ಬಾಲದಂಥ ಗೊಂಚಲಿನಲ್ಲಿ ಒತ್ತಾಗಿ ಬರುತ್ತವೆ. ಹಲವು ಜಾತಿಗಳಲ್ಲಿ ತುದಿಯ ಹೂವು ಮೊದಲು ಅರಳಿ ಆಮೇಲೆ ಬುಡದ ಕಡೆಗೆ ಬರುತ್ತದೆ. ಇನ್ನೊಂದು ಪೋರ್ಪ್ಯಾಕ್ಸ್ ರೆಟಿಕ್ಯುಲೇಟ. ಅಂಗಿಯ ಗುಂಡಿಯಂಥ ಚಪ್ಪಟೆ ಗಡ್ಡೆ, ಅದರ ಮೇಲೆ ಬಲೆ ಹೆಣೆದಂಥ ಹೊದಿಕೆ. ಮಲೆನಾಡಿನವರು ದೊಡ್ಡ ಆರ್ಕಿಡ್‌ಗೆ ಸೀತಾಳೆ ಅಂತ ಚಂದದ ಹೆಸರಿಟ್ಟು ಮುಡಿಯುತ್ತಾರೆ. ಈ ಗುಂಡಿಗಳನ್ನು ಅವರೂ ಅಷ್ಟಾಗಿ ನೋಡುವುದಿಲ್ಲ.

ಪೋರ್ಪ್ಯಾಕ್ಸ್ ಬಗ್ಗೆ ನನ್ನದೊಂದು ತಪ್ಪು ಹೇಳಬೇಕು. ಶಿರಸಿ ಕಡೆ ಕೆಲಸದಲ್ಲಿದ್ದ ಹಳೆಯ ವಿದ್ಯಾರ್ಥಿಯೊಬ್ಬ ಗಾಳಿಗೆ ಮುರಿದು ಬಿದ್ದ ಒಂದು ರೆಂಬೆ ತಂದುಕೊಟ್ಟ. ಅದರ ಮೇಲೆ ಏಳೆಂಟು ಗುಂಡಿಗಳಿದ್ದವು. ತಿಂಗಳು ಏಪ್ರಿಲ್. ತೇವ ಇರಲಿ ಅಂತ ಕೂಲರ್ ಮುಂದೆ ಇಟ್ಟೆ. ಕೂಲರಿನ ಗಾಳಿ ತಂಪು, ಆದರೆ ಬೀಸುವ ಗಾಳಿ. ನಿಂತ ಗಾಳಿಯ ಆ ಪದರವನ್ನೇ ಅದು ಹೊಡೆದುಕೊಂಡು ಹೋಯಿತು. ನಾಲ್ಕು ದಿನದಲ್ಲಿ ಗುಂಡಿಗಳು ಸುಕ್ಕಾದವು. ಗಾಬರಿಯಾಗಿ ಪ್ಲಾಸ್ಟಿಕ್ ಚೀಲದಲ್ಲಿ ನೀರು ಚಿಮುಕಿಸಿ ಗಂಟು ಕಟ್ಟಿದೆ. ವಾರದಲ್ಲಿ ಕೊಳೆತವು. ಇವತ್ತು ನಿಮಗೆ ಹೇಳಿದ ಪಾಠವನ್ನು ಆ ವೇಳೆಗೆ ನಾನು ಇಪ್ಪತ್ತು ಸಲವಾದರೂ ಕ್ಲಾಸಿನಲ್ಲಿ ಹೇಳಿದ್ದೆ.

ಚೀಟಿಯಲ್ಲಿ ಒಬ್ಬರು ಕೇಳಿದ್ದಾರೆ. ಇದನ್ನು ಕಲಬುರಗಿಯಲ್ಲಿ ಬೆಳೆಸಬಹುದೇ? ಮುಚ್ಚಿದ ಗಾಜಿನ ಪೆಟ್ಟಿಗೆ, ಒಳಗೆ ಹಾವಸೆ, ದೀಪ, ಮನೆಯಲ್ಲಿ ಎಸಿ ಇದ್ದರೆ ಆಗಬಹುದು. ಹೊರದೇಶಗಳ ಹವ್ಯಾಸಿಗಳು ಹಾಗೆ ಬೆಳೆಸುತ್ತಾರೆ. ಕರೆಂಟು ಹೋದ ಮಧ್ಯಾಹ್ನ ಏನು ಮಾಡುತ್ತೀರಿ ಅನ್ನುವುದು ನನ್ನ ಪ್ರಶ್ನೆ. ಕಾಡಿನಿಂದ ಕಿತ್ತ ಗಿಡ ಮಾತ್ರ ಕೊಳ್ಳಬೇಡಿ. ಅಪಾಯದಲ್ಲಿರುವ ಪ್ರಾಣಿ, ಸಸ್ಯಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದವಿದೆ, ಇಡೀ ಆರ್ಕಿಡ್ ಕುಟುಂಬವೇ ಅದರ ಪಟ್ಟಿಯಲ್ಲಿದೆ. ಪರವಾನಗಿ ಇಲ್ಲದೆ ದೇಶದಿಂದ ದೇಶಕ್ಕೆ ಸಾಗಿಸುವಂತಿಲ್ಲ.

ಅದರ ಬದಲು ಚಿಂಚೋಳಿ ಕಡೆ ಹೋದಾಗ ತಲೆ ಎತ್ತಿ ನಡೆಯಿರಿ. ಅಲ್ಲಿಯ ಕಾಡು 2011ರಿಂದ ವನ್ಯಜೀವಿಧಾಮ. ಹಾಗಾಗಿ ನೋಡುವುದು ಮಾತ್ರ, ಕೀಳುವಂತಿಲ್ಲ. ಬೇವು, ಮಾವು, ಹುಣಸೆಯ ಹಳೆಯ ಕವಲುಗಳಲ್ಲಿ ಬೆಳ್ಳಗಿನ ದಪ್ಪ ಬೇರು ಕಂಡರೆ ಬಾಟಲಿಯ ನೀರು ನಾಲ್ಕು ಹನಿ ಹಾಕಿ ನೋಡಿ. ಕಣ್ಣೆದುರೇ ಹಸಿರಾದರೆ ನೀವು ವ್ಯಾಂಡದ ಮುಂದೆ ನಿಂತಿದ್ದೀರಿ ಅಂತ ಲೆಕ್ಕ.

ತಟ್ಟೆ ವಾಪಸ್ ಬಂತೇ? ತೊಗರಿ ಇದೆ, ಜೋಳ ಇದೆ, ಸಾಸಿವೆ ಇದೆ. ಎಳ್ಳು ಕಾಣುತ್ತಿಲ್ಲ. ಇರಲಿ, ಮನೆಯಲ್ಲಿ ಕೇಳಿದರೆ ಫ್ಯಾನಿನ ಮೇಲೆ ಹಾಕುತ್ತೇನೆ. ಲೆನ್ಸ್ ಎರಡೇ ತಂದಿದ್ದೇನೆ. ಹೊರಗೆ ಮೇಜಿನ ಮೇಲೆ ವ್ಯಾಂಡದ ಒಂದು ಒಣ ಕಾಯಿ ಒಡೆದಿಟ್ಟಿದೆ. ಸಾಲಾಗಿ ಬನ್ನಿ. ಹತ್ತಿರ ಬಗ್ಗಿದಾಗ ಉಸಿರು ಬಿಗಿಹಿಡಿಯಿರಿ, ಬೀಜ ಹಾರುತ್ತವೆ.